ಒಂದು ತಾರೀಖು ಕೊಡಿ

ಬೆಂಗಳೂರಿನ ಹೊರವರ್ತುಲ ರಸ್ತೆಯ ಕಚೇರಿಗಳಲ್ಲಿ ದುಡಿಯುವ ಗೆಳೆಯ ಗೆಳತಿಯರಿಗೆ,



ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗೆ ರಸ್ತೆಯ ಎರಡೂ ಬದಿ ಎದ್ದಿರುವ ಕಟ್ಟಡಗಳಲ್ಲಿ ಕೆಲಸ ಮಾಡುವ ನಿಮ್ಮಲ್ಲಿ ಬಹಳಷ್ಟು ಜನರ ಮುಖ ನಾನು ನೋಡಿಲ್ಲ, ದನಿ ಮಾತ್ರ ಕೇಳಿದ್ದೇನೆ. ರಕ್ತದಾನ ಶಿಬಿರಗಳಿಗೆ ದಾನಿಗಳನ್ನು ಕರೆಯುವ ಕೆಲಸ ನನ್ನದು. ಸಂಬಳದ ಕೆಲಸವಲ್ಲ, ಹೊಟ್ಟೆಪಾಡಿಗೆ ಬ್ಯಾಂಕಿನ ನೌಕರಿ ಇದೆ. ಸಂಜೆ ಶಾಖೆಯ ಬಾಗಿಲು ಹಾಕಿದ ಮೇಲೆ, ಮನೆಯಲ್ಲಿ ಅನ್ನಕ್ಕಿಡುವ ಮುಂಚೆ ಸಿಗುವ ಅರ್ಧ ಗಂಟೆಯಲ್ಲಿ ಫೋನು ಹಿಡಿದು ಕೂರುತ್ತೇನೆ. ಆ ಕಡೆಯಿಂದ ಹೆಚ್ಚಾಗಿ ಬರುವ ಉತ್ತರ ಒಂದೇ: "ಮೇಡಂ, ಈ ತಿಂಗಳು ರಿಲೀಸ್ ಇದೆ. ಸ್ವಲ್ಪ ಫ್ರೀ ಆದ ತಕ್ಷಣ ಖಂಡಿತ ಬರ್ತೀನಿ."

ಆ ಮಾತನ್ನು ನಾನು ನಂಬುತ್ತೇನೆ. ಮಾರತ್ತಹಳ್ಳಿ ಸೇತುವೆಯ ಕೆಳಗೆ ಕಾರುಗಳಲ್ಲಿ, ಬಸ್ಸುಗಳಲ್ಲಿ ನೀವು ಕಳೆಯುವ ಹೊತ್ತು, ಅಮೆರಿಕದವರ ಬೆಳಗಿಗೆ ಹೊಂದಿಸಿಕೊಂಡ ನಿಮ್ಮ ರಾತ್ರಿಯ ಮೀಟಿಂಗು, ಮಗುವಿನ ಶಾಲೆ, ಊರಲ್ಲಿರುವ ಅಪ್ಪನ ಔಷಧಿ, ಮನೆ ಸಾಲದ ಕಂತು, ಇವೆಲ್ಲ ನಿಜ. ಸಮಾಜಕ್ಕೆ ಏನಾದರೂ ಮಾಡಬೇಕೆಂಬ ನಿಮ್ಮ ಆಸೆಯೂ ಅಷ್ಟೇ ನಿಜ. ಈ ಎರಡು ನಿಜಗಳ ನಡುವೆ 'ಬಿಡುವು ಸಿಕ್ಕಾಗ' ಎಂಬ ಒಂದು ಮಾತು ಬಂದು ಕೂತುಬಿಡುತ್ತದೆ, ವರ್ಷಗಳು ಕಳೆದುಹೋಗುತ್ತವೆ. ದುಡಿಯುವ ವಯಸ್ಸಿನಲ್ಲಿ ಯಾರಿಗೂ ಬಿಡುವು ತಾನಾಗಿ ಸಿಗುವುದಿಲ್ಲ. ಹಾಗಾಗಿ ನಿಮ್ಮ ಬಿಡುವನ್ನು ನಾನು ಕೇಳುತ್ತಿಲ್ಲ, ಒಂದು ತಾರೀಖನ್ನು ಕೇಳುತ್ತಿದ್ದೇನೆ. ಯಾಕೆ ತಾರೀಖೇ ಬೇಕು ಎಂದು ಹೇಳುವುದಕ್ಕೆ ಈ ಪತ್ರ.

ಮೊದಲು ಕಾಯುವವರ ಮಾತು. ಕ್ಯಾನ್ಸರಿಗೆ ಕಿದ್ವಾಯಿ, ಹೃದಯಕ್ಕೆ ಜಯದೇವ, ತಲೆಗೆ ಪೆಟ್ಟಾದರೆ ನಿಮ್ಹಾನ್ಸ್, ಕಷ್ಟದ ಹೆರಿಗೆಗೆ ವಾಣಿವಿಲಾಸ ಎಂದು ರಾಜ್ಯದ ಮೂಲೆಮೂಲೆಯಿಂದ ಜನ ಬೆಂಗಳೂರಿಗೆ ಬರುತ್ತಾರೆ. ಯಾದಗಿರಿ, ಕೊಪ್ಪಳ, ಬೀದರ್, ಚಾಮರಾಜನಗರ. ನಿಮ್ಮಲ್ಲಿ ಎಷ್ಟೋ ಜನ ಬಂದಿರುವುದೂ ಈ ಊರುಗಳಿಂದಲೇ. ವ್ಯತ್ಯಾಸವೆಂದರೆ, ನಿಮಗೆ ಇಲ್ಲಿ ಆಫೀಸಿದೆ, ನೆರೆಹೊರೆಯಿದೆ, ಫೋನಿನಲ್ಲಿ ನೂರಾರು ನಂಬರುಗಳಿವೆ. ರೋಗಿಯ ಜತೆ ರಾತ್ರಿ ರೈಲಿನಲ್ಲಿ ಬಂದ ಅಟೆಂಡರ್‌ಗೆ ಇಲ್ಲಿ ಯಾರೂ ಇಲ್ಲ. ಆಪರೇಷನ್ನಿಗೆ ಎರಡು ಯೂನಿಟ್ ರಕ್ತ ಬೇಕು, ಬದಲಿಗೆ ಇಬ್ಬರು ಡೋನರ್‌ಗಳನ್ನು ಕರೆದುಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟಾಗ ಆ ಮನುಷ್ಯ ಎಲ್ಲಿಗೆ ಹೋಗಬೇಕು? ಒಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅಂಥ ಚೀಟಿ ಹಿಡಿದು ಕೂತಿದ್ದ ತಾಯಿಯೊಬ್ಬರು ನನ್ನನ್ನು ಕೇಳಿದ್ದರು: "ಅಕ್ಕಾರ, ನಮಗ ಇಲ್ಲಿ ಯಾರ ಪರಿಚಯದಾರ್ರೀ? ಎಲ್ಲಿಂದ ಕರಕೊಂಡು ಬರೋಣು?" ಅವರ ಮನೆಯ ಗಂಡಸರೊಬ್ಬರು ಆಗಲೇ ಕೊಟ್ಟಾಗಿತ್ತು. ಇನ್ನೊಬ್ಬರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಮೇಲಿದ್ದರು.

ಒಂದು ಕಾಲದಲ್ಲಿ ಇಂಥ ಹೊತ್ತಿಗೆ ದುಡ್ಡು ಕೊಟ್ಟರೆ ರಕ್ತ ಸಿಗುತ್ತಿತ್ತು. ದೊಡ್ಡ ಊರುಗಳ ಆಸ್ಪತ್ರೆಗಳ ಸುತ್ತ ರಕ್ತ ಮಾರಿ ಬದುಕುವವರು ಇರುತ್ತಿದ್ದರು. ಹಸಿವಿಗೆ ಮಾರುವವರ ರಕ್ತ ಅವರಿಗೂ ಅಪಾಯ, ಪಡೆಯುವವರಿಗೂ ಅಪಾಯ. ಕಾಮನ್ ಕಾಸ್ ಸಂಸ್ಥೆ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟು, ಎರಡು ವರ್ಷದೊಳಗೆ ಈ ಪದ್ಧತಿ ನಿಲ್ಲಬೇಕೆಂದಿತು. 1998ರ ಜನವರಿಯಿಂದ ದೇಶದಲ್ಲಿ ದುಡ್ಡಿಗೆ ರಕ್ತ ಕೊಡುವುದು ನಿಷಿದ್ಧ. ಒಳ್ಳೆಯ ತೀರ್ಪು. ಆದರೆ ಅದರ ಅರ್ಥವನ್ನು ನಾವು ಪೂರ್ತಿ ತಲೆಗೆ ಹಾಕಿಕೊಂಡಿಲ್ಲ ಎಂದು ನನಗೆ ಅನ್ನಿಸುತ್ತದೆ. ಕೊಳ್ಳುವ ದಾರಿ ಮುಚ್ಚಿದ ಮೇಲೆ ಉಳಿದದ್ದು ಎರಡೇ: ರೋಗಿಯ ಮನೆಯವರು ಒದ್ದಾಡಿ ತರುವುದು, ಇಲ್ಲವೇ ಆರೋಗ್ಯವಂತರು ತಾವಾಗಿ ಬಂದು ಕೊಡುವುದು. ಎರಡನೆಯದು ಎಷ್ಟು ಕಡಿಮೆಯಾಗುತ್ತದೋ ಮೊದಲನೆಯದರ ಭಾರ ಅಷ್ಟು ಹೆಚ್ಚುತ್ತದೆ. ಆ ಭಾರ ಬೀಳುವುದು ಊರುಬಿಟ್ಟು ಬಂದವರ ಮೇಲೆ, ಬಡವರ ಮೇಲೆ.

'ಅರ್ಜೆಂಟ್ ಇದ್ದರೆ ಹೇಳಿ, ಆಗ ಬಂದುಬಿಡ್ತೀನಿ' ಎಂದು ನೀವು ಹೇಳುತ್ತೀರಿ. ಈ ಮಾತಿನ ಹಿಂದಿನ ಮನಸ್ಸು ದೊಡ್ಡದು. ಕಷ್ಟವೆಂದರೆ, ರಕ್ತ ಆ ರೀತಿ ಕೆಲಸ ಮಾಡುವುದಿಲ್ಲ. ನಿಮ್ಮ ತೋಳಿನಿಂದ ಚೀಲಕ್ಕೆ ಇಳಿದ ರಕ್ತ ನೇರವಾಗಿ ರೋಗಿಯ ಮೈಗೆ ಹೋಗುವಂತಿಲ್ಲ. ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್, ಮಲೇರಿಯಾ, ಈ ಐದಕ್ಕೂ ಪರೀಕ್ಷೆಯಾಗಬೇಕು. ಗುಂಪು ಖಾತ್ರಿಯಾಗಬೇಕು, ಕೆಂಪು ಕಣ, ಪ್ಲೇಟ್‌ಲೆಟ್, ಪ್ಲಾಸ್ಮಾ ಬೇರೆ ಬೇರೆಯಾಗಬೇಕು, ರೋಗಿಯ ರಕ್ತದ ಜತೆ ಕ್ರಾಸ್ ಮ್ಯಾಚ್ ಆಗಬೇಕು. ಇದಕ್ಕೆಲ್ಲ ಗಂಟೆಗಟ್ಟಲೆ ಹೊತ್ತು ಹಿಡಿಯುತ್ತದೆ. ಹೆರಿಗೆಯಾದ ಕೂಡಲೇ ರಕ್ತಸ್ರಾವ ಶುರುವಾದ ಬಾಣಂತಿಗೆ ಅಷ್ಟು ಹೊತ್ತು ಇರುವುದಿಲ್ಲ. ನಮ್ಮ ದೇಶದಲ್ಲಿ ತಾಯಂದಿರ ಸಾವಿಗೆ ರಕ್ತಸ್ರಾವ ಬಹು ದೊಡ್ಡ ಕಾರಣ. ಅವಳನ್ನು ಉಳಿಸುವುದು ಯಾರೋ ವಾರದ ಹಿಂದೆಯೇ ಕೊಟ್ಟು, ಪರೀಕ್ಷೆ ಮುಗಿದು, ರಕ್ತನಿಧಿಯ ಫ್ರಿಜ್ಜಿನಲ್ಲಿ ಸಿದ್ಧವಾಗಿರುವ ಚೀಲ. ಕೊಟ್ಟವರಿಗೆ ಅವಳ ಹೆಸರು ಗೊತ್ತಿರುವುದಿಲ್ಲ, ಆ ವಾರ ಯಾವ ಅರ್ಜೆಂಟೂ ಇದ್ದಿರಲಿಲ್ಲ. ಸುಮ್ಮನೆ ಒಂದು ಶನಿವಾರ ಬಂದು ಕೊಟ್ಟು ಹೋಗಿರುತ್ತಾರೆ.

ವಾಟ್ಸ್ಆ್ಯಪ್‌ನಲ್ಲಿ ಹರಿದಾಡುವ ಅರ್ಜೆಂಟ್ ಸಂದೇಶಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅವುಗಳಲ್ಲಿ ತಾರೀಖು ಇರುವುದಿಲ್ಲ. ರೋಗಿ ಗುಣವಾಗಿ ಊರು ಸೇರಿದ ಮೇಲೂ, ಎಷ್ಟೋ ಸಲ ತೀರಿಕೊಂಡ ಮೇಲೂ, ಆ ನಂಬರಿಗೆ ಕರೆಗಳು ಬರುತ್ತಲೇ ಇರುತ್ತವೆ. ಫಾರ್ವರ್ಡ್ ಮಾಡುವ ಮುಂಚೆ ಆ ನಂಬರಿಗೆ ಒಂದು ಕರೆ ಮಾಡಿ, ಇನ್ನೂ ಬೇಕಿದೆಯೇ ಎಂದು ಕೇಳಿ. ಬೇಡವೆಂದರೆ ಸಂದೇಶವನ್ನು ನಿಮ್ಮಲ್ಲೇ ನಿಲ್ಲಿಸಿ. ಒಂದು ನಿಮಿಷದ ಈ ಕೆಲಸವೂ ಸೇವೆಯೇ.

ಇನ್ನು ರಕ್ತ ಎಷ್ಟು ದಿನ ಉಳಿಯುತ್ತದೆ ಎಂಬುದು. ತಾರೀಖಿನ ಗುಟ್ಟೆಲ್ಲ ಇರುವುದು ಇಲ್ಲೇ. ಕೆಂಪು ಕಣಗಳನ್ನು 2ರಿಂದ 6 ಡಿಗ್ರಿಯಲ್ಲಿಟ್ಟರೆ, ಚೀಲದಲ್ಲಿರುವ ದ್ರಾವಣಕ್ಕೆ ತಕ್ಕಂತೆ, 35 ಅಥವಾ 42 ದಿನ. ಪ್ಲಾಸ್ಮಾವನ್ನು ಮೈನಸ್ 30 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿದರೆ ಒಂದು ವರ್ಷ. ಪ್ಲೇಟ್‌ಲೆಟ್‌ಗಳಿಗೆ ಫ್ರಿಜ್ಜು ಆಗದು. 20ರಿಂದ 24 ಡಿಗ್ರಿಯ ಕೋಣೆಯಲ್ಲಿ, ಸದಾ ಅಲುಗಾಡುವ ತಟ್ಟೆಯ ಮೇಲೆ ಇಡಬೇಕು. ಹಾಗಿಟ್ಟರೂ ಅವುಗಳ ಆಯಸ್ಸು ಬರೀ 5 ದಿನ. ಆರನೆಯ ದಿನ ಅವನ್ನು ಚೆಲ್ಲಲೇಬೇಕು. ನಂದಿನಿ ಬೂತಿಗೆ ಹಬ್ಬದ ದಿನ ಒಂದು ಲಾರಿ ಹಾಲು ತಂದಿಳಿಸಿ, ಆಮೇಲೆ ಎರಡು ತಿಂಗಳು ಬಾರದಿದ್ದರೆ ಬೀದಿಯ ಮಕ್ಕಳಿಗೆ ಹಾಲು ಸಿಕ್ಕಂತಾಗುವುದಿಲ್ಲ. ಸಾವಿರ ಯೂನಿಟ್ಟಿನ ದಾಖಲೆ ಶಿಬಿರಗಳೂ ಹಾಗೆಯೇ. ನಾಯಕರ ಹುಟ್ಟುಹಬ್ಬಕ್ಕೆ, ಕಂಪನಿಯ ವಾರ್ಷಿಕೋತ್ಸವಕ್ಕೆ ಒಂದೇ ದಿನ ಮೈದಾನ ತುಂಬಿಸಿ ರಕ್ತ ತೆಗೆದರೆ ಫೋಟೋ ಚೆನ್ನಾಗಿ ಬರುತ್ತದೆ. ರಕ್ತನಿಧಿಯ ಸಿಬ್ಬಂದಿಗೆ ಆ ರಾತ್ರಿ ನಿದ್ದೆಯಿಲ್ಲ. ಮುಂದಿನ ಮೂರು ತಿಂಗಳು ಆ ದಾನಿಗಳಲ್ಲಿ ಒಬ್ಬರನ್ನೂ ಕರೆಯುವಂತಿಲ್ಲ, ಏಕೆಂದರೆ ಗಂಡಸರು ಒಮ್ಮೆ ಕೊಟ್ಟರೆ 90 ದಿನ, ಹೆಂಗಸರು 120 ದಿನ ಕಾಯಬೇಕು ಎಂಬುದು ನಿಯಮ. ದಾಖಲೆ ಶಿಬಿರಗಳನ್ನು ಕೈಬಿಡಿ ಎಂದು ಸಂಘಟಕರನ್ನು ನಾನು ಎದುರಿಗೇ ಕೇಳಿಕೊಂಡಿದ್ದೇನೆ, ಇಲ್ಲೂ ಕೇಳಿಕೊಳ್ಳುತ್ತೇನೆ.

ಅದರ ಬದಲು ಹೀಗೆ ಲೆಕ್ಕ ಹಾಕಿ ನೋಡಿ. ನಿಮ್ಮ ಕಚೇರಿಯ ಒಂದು ಮಹಡಿಯಲ್ಲಿ ರಕ್ತ ಕೊಡಬಲ್ಲ ಗಂಡಸರು 130 ಜನ ಇದ್ದಾರೆಂದುಕೊಳ್ಳಿ. 90 ದಿನವೆಂದರೆ ಹತ್ತಿರಹತ್ತಿರ 13 ವಾರ. ವಾರಕ್ಕೆ 10 ಜನರಂತೆ ಹೋದರೆ, ಕೊನೆಯ ಹತ್ತು ಜನ ಮುಗಿಸುವ ಹೊತ್ತಿಗೆ ಮೊದಲ ಹತ್ತು ಜನರ ಸರದಿ ಮತ್ತೆ ಬಂದಿರುತ್ತದೆ. ವರ್ಷದ ಯಾವ ವಾರವೂ ಬರಿದಲ್ಲ. ಯಾರ ಕೆಲಸವೂ ನಿಲ್ಲುವುದಿಲ್ಲ, ಯಾವ ಪ್ರಾಜೆಕ್ಟೂ ಮುಗ್ಗರಿಸುವುದಿಲ್ಲ. ಪೆಂಡಾಲು ಬೇಡ, ಭಾಷಣ ಬೇಡ. ಒಬ್ಬೊಬ್ಬರಿಗೆ ಬೀಳುವ ಹೊತ್ತು ಮೂರು ತಿಂಗಳಿಗೊಮ್ಮೆ ಒಂದು ಗಂಟೆ. ಅದರಲ್ಲೂ ರಕ್ತ ಹರಿಯುವುದು ಎಂಟು ಹತ್ತು ನಿಮಿಷ. ಉಳಿದದ್ದು ಫಾರಂ ತುಂಬುವುದು, ವೈದ್ಯರ ಪ್ರಶ್ನೆಗಳು, ಹಿಮೋಗ್ಲೋಬಿನ್ ಮತ್ತು ಬಿಪಿ ನೋಡುವುದು, ಆಮೇಲೆ ಕೂತು ಜ್ಯೂಸು ಕುಡಿಯುವುದು. ಒಂದು ಮಹಡಿಯ ಈ ಲೆಕ್ಕವನ್ನು ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದವರೆಗಿನ ಎಲ್ಲ ಮಹಡಿಗಳಿಗೆ ಹಬ್ಬಿಸಿ ನೋಡಿದಾಗಲೆಲ್ಲ, ಇಂಥ ಊರಿನಲ್ಲಿ ಬದಲಿ ರಕ್ತದ ಚೀಟಿ ಹಿಡಿದು ಜನ ಅಲೆಯಬೇಕಾದದ್ದೇ ಇಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸುತ್ತದೆ.

ಈ ಸರದಿ ಯಾರಿಗೆ ಎಲ್ಲರಿಗಿಂತ ಮುಖ್ಯ ಎಂದರೆ, ಥಲಸ್ಸೀಮಿಯಾ ಇರುವ ಮಕ್ಕಳಿಗೆ. ಅವರ ಮೈ ತಾನಾಗಿ ಸಾಕಷ್ಟು ಒಳ್ಳೆಯ ಕೆಂಪು ಕಣಗಳನ್ನು ಮಾಡಿಕೊಳ್ಳಲಾರದು. ತೀವ್ರವಾಗಿದ್ದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ, ಬದುಕಿನುದ್ದಕ್ಕೂ, ಬೇರೆಯವರ ರಕ್ತ ಏರಿಸಬೇಕು. ಮೂರು ವಾರಕ್ಕೊಂದು ಯೂನಿಟ್ ಎಂದರೂ ವರ್ಷಕ್ಕೆ 17. ಒಬ್ಬ ಗಂಡಸು ವರ್ಷಕ್ಕೆ ಕೊಡಬಹುದಾದದ್ದು ಹೆಚ್ಚೆಂದರೆ 4 ಸಲ. ಹಾಗಾಗಿ ಒಂದು ಮಗು ಶಾಲೆಗೆ ಹೋಗಿ, ಆಡಿ, ಬೆಳೆಯಬೇಕಾದರೆ ಕನಿಷ್ಠ ಐದು ಜನ ಪ್ರತಿ ವರ್ಷ ತಪ್ಪದೆ ಅದರ ಹಿಂದೆ ನಿಂತಿರಬೇಕು. ಮಗು ಬೆಳೆದಂತೆ ಬೇಕಾಗುವ ರಕ್ತವೂ ಹೆಚ್ಚುತ್ತದೆ. ಈ ಮಕ್ಕಳ ಅಪ್ಪ ಅಮ್ಮಂದಿರ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಾರೀಖು ಆಗಲೇ ಗುರುತಾಗಿರುತ್ತದೆ. ಅವರ ತಾರೀಖು ಖಚಿತವಾಗಿರುವಾಗ ಕೊಡುವ ನಮ್ಮದು 'ಬಿಡುವು ಸಿಕ್ಕಾಗ' ಎಂದಿರುವುದು ಹೇಗೆ ಸರಿ?

ವರ್ಷದ ಕೆಲವು ತಿಂಗಳು ಹೆಚ್ಚು ಕಷ್ಟದವು. ನಮ್ಮ ರಕ್ತನಿಧಿಗಳು ಬಹಳ ಮಟ್ಟಿಗೆ ಕಾಲೇಜು ಹುಡುಗ ಹುಡುಗಿಯರ ಮೇಲೆ, ಎನ್ನೆಸ್ಸೆಸ್ ಶಿಬಿರಗಳ ಮೇಲೆ ನಿಂತಿವೆ. ಮಾರ್ಚಿನಲ್ಲಿ ಪರೀಕ್ಷೆ ಬಂತೆಂದರೆ ಆ ಶಿಬಿರಗಳು ನಿಲ್ಲುತ್ತವೆ, ಏಪ್ರಿಲ್ ಮೇ ರಜೆಯಲ್ಲಿ ಹಾಸ್ಟೆಲ್‌ಗಳು ಖಾಲಿಯಾಗುತ್ತವೆ. ಅಪಘಾತಗಳಿಗೆ, ಹೆರಿಗೆಗಳಿಗೆ ಬೇಸಿಗೆ ರಜೆ ಇಲ್ಲ. ದೀಪಾವಳಿಯ ವಾರದಲ್ಲೂ ಇದೇ ಪಾಡು. ಮಳೆಗಾಲದಲ್ಲಿ ಡೆಂಗಿ ಏರಿದಾಗ ಪ್ಲೇಟ್‌ಲೆಟ್‌ಗಾಗಿ ಕೂಗು ಏಳುತ್ತದೆ. ಅಕ್ಟೋಬರ್ 1ರಂದು, ರಾಷ್ಟ್ರೀಯ ಸ್ವಯಂಪ್ರೇರಿತ ರಕ್ತದಾನ ದಿನ ಎಂದು ಎಲ್ಲೆಡೆ ಶಿಬಿರಗಳು ನಡೆಯುತ್ತವೆ. ಆ ದಿನಕ್ಕೆ ನನ್ನ ಗೌರವವಿದೆ. 1975ರಿಂದ ಅದನ್ನು ಆಚರಿಸಿಕೊಂಡು ಬಂದಿದ್ದರಿಂದಲೇ ಎಷ್ಟೋ ಜನ ಮೊದಲ ಸಲ ತೋಳು ಚಾಚಿದ್ದಾರೆ. ನೀವು ಆಯ್ದುಕೊಳ್ಳುವಿರಾದರೆ ಮಾತ್ರ ಏಪ್ರಿಲ್ಲಿನ ಕೊನೆಯ ವಾರವನ್ನು ಆಯ್ದುಕೊಳ್ಳಿ. ನಿಮಗೆ ಆಗ ಪರೀಕ್ಷೆ ಇಲ್ಲ, ನೀವು ಊರಿನಲ್ಲೇ ಇರುತ್ತೀರಿ. ವಿದ್ಯಾರ್ಥಿಗಳು ಬಿಟ್ಟುಹೋದ ಜಾಗವನ್ನು ತುಂಬಲು ಈ ನಗರದಲ್ಲಿ ನಿಮಗಿಂತ ತಕ್ಕವರು ಇಲ್ಲ.

ತಾರೀಖು ಹಾಕಿಕೊಳ್ಳುವುದು ಹೇಗೆ? ಕೊಟ್ಟು ಬಂದ ದಿನವೇ, ಕೈಯ ಬ್ಯಾಂಡೇಜು ತೆಗೆಯುವ ಮುಂಚೆ, ಫೋನಿನಲ್ಲಿ 90 ಅಥವಾ 120 ದಿನ ಎಣಿಸಿ ಅದು ಮುಗಿದ ಮೇಲಿನ ಮೊದಲ ಶನಿವಾರವನ್ನು ಗುರುತು ಮಾಡಿ. ಮೀಟಿಂಗಿಗೆ ಹೇಗೆ ಹಾಕುತ್ತೀರೋ ಹಾಗೆಯೇ, ಒಂದು ಗಂಟೆ, ಜಾಗದ ಹೆಸರಿನ ಸಮೇತ. ಆ ದಿನ ಜ್ವರ ಬಂದರೆ, ಕೆಲಸ ಬಿದ್ದರೆ, ಅಳಿಸಬೇಡಿ. ಮುಂದಿನ ಶನಿವಾರಕ್ಕೆ ಸರಿಸಿ. ಸರಿಸಿದ ತಾರೀಖೂ ತಾರೀಖೇ. ಕೆಲವರು ಹೆಂಡತಿಯ ಹುಟ್ಟಿದ ದಿನ, ತೀರಿಕೊಂಡ ಅಪ್ಪನ ತಿಥಿ ಎಂದು ದಿನ ಗೊತ್ತು ಮಾಡಿಕೊಂಡಿದ್ದಾರೆ. ವರ್ಷಕ್ಕೆ ಒಂದು ದಿನವಾದರೂ ಅದು ತಪ್ಪುವುದಿಲ್ಲ ಎಂಬುದನ್ನು ಕಂಡಿದ್ದೇನೆ. ಮನೆಯ ಹತ್ತಿರದ ರಕ್ತನಿಧಿ ಯಾವುದೆಂದು ತಿಳಿಯದಿದ್ದರೆ ಸರ್ಕಾರದ ಇ-ರಕ್ತಕೋಶ್ ತಾಣದಲ್ಲಿ ನೋಡಬಹುದು. ಶಿಬಿರ ಬರುವವರೆಗೆ ಕಾಯಬೇಕಾಗಿಲ್ಲ, ನೇರವಾಗಿ ನಡೆದುಹೋಗಿ ಕೊಡಬಹುದು ಎಂಬುದೇ ಎಷ್ಟೋ ಜನರಿಗೆ ಗೊತ್ತಿಲ್ಲ. ಕೇಂದ್ರ ಸರ್ಕಾರಿ ನೌಕರರಿಗೆ ರಕ್ತದಾನಕ್ಕೆಂದು ವರ್ಷಕ್ಕೆ ನಾಲ್ಕು ಸಲದವರೆಗೆ ವಿಶೇಷ ಸಾಂದರ್ಭಿಕ ರಜೆಯಿದೆ. ಖಾಸಗಿ ಕಂಪನಿಗಳ ಎಚ್‌ಆರ್ ವಿಭಾಗದವರು ಈ ಪತ್ರ ಓದುತ್ತಿದ್ದರೆ ಅರ್ಧ ದಿನದ ಅಂಥ ರಜೆಯನ್ನು ಬರವಣಿಗೆಯಲ್ಲಿ ತನ್ನಿ. ದಾನಿಗೆ ಟೀ ಶರ್ಟು ಕೊಡುವುದಕ್ಕಿಂತ ಅದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಆರ್‌ಎಚ್ ನೆಗೆಟಿವ್ ಗುಂಪಿನವರಿಗೆ ಮಾತ್ರ ನನ್ನ ಕೋರಿಕೆ ಸ್ವಲ್ಪ ಬೇರೆ. ನಮ್ಮ ದೇಶದಲ್ಲಿ ನೀವು ನೂರಕ್ಕೆ ಐದಾರು ಜನ. ನೀವೆಲ್ಲ ಒಂದೇ ಶಿಬಿರದಲ್ಲಿ ಕೊಟ್ಟುಬಿಟ್ಟರೆ ಮುಂದೆ ಕರೆಯಲು ಯಾರೂ ಉಳಿಯುವುದಿಲ್ಲ. ಯಾವುದಾದರೂ ರಕ್ತನಿಧಿಯಲ್ಲಿ ಹೆಸರು ಬರೆಸಿ, ಅವರು ಕರೆದಾಗ ಹೋಗಿ. ಇನ್ನೂ ಅಪರೂಪದ್ದು ಬಾಂಬೆ ರಕ್ತದ ಗುಂಪು. 1952ರಲ್ಲಿ ಮುಂಬಯಿಯಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಅವರ ಜತೆಗಾರರು ಅದನ್ನು ಗುರುತಿಸಿದರು. ಮೇಲ್ನೋಟದ ಪರೀಕ್ಷೆಯಲ್ಲಿ ಅದು ಓ ಗುಂಪಿನ ಹಾಗೆಯೇ ಕಾಣುತ್ತದೆ, ಆದರೆ ಆ ಗುಂಪಿನವರಿಗೆ ಓ ಗುಂಪಿನ ರಕ್ತವೂ ಆಗುವುದಿಲ್ಲ, ತಮ್ಮಂಥವರದೇ ಬೇಕು. ರಕ್ತ ಕೊಟ್ಟಾಗ ನಡೆಯುವ ಪರೀಕ್ಷೆಯಲ್ಲಿ ತಾವು ಅಂಥವರೆಂದು ತಿಳಿಯುವ ಸಂಭವ ಇದೆ.

ಪ್ಲೇಟ್‌ಲೆಟ್ ಮಾತ್ರ ಕೊಡುವ ವಿಧಾನವೂ ಇದೆ. ಯಂತ್ರ ನಿಮ್ಮ ರಕ್ತದಿಂದ ಪ್ಲೇಟ್‌ಲೆಟ್ ಬೇರ್ಪಡಿಸಿಕೊಂಡು ಉಳಿದದ್ದನ್ನು ನಿಮಗೇ ಮರಳಿಸುತ್ತದೆ. ಇದಕ್ಕೆ ಒಂದರಿಂದ ಒಂದೂವರೆ ಗಂಟೆ ಬೇಕು, ಮುಂಚೆ ಒಂದು ರಕ್ತಪರೀಕ್ಷೆಯೂ ಆಗಬೇಕು. ಮೈ ಇದನ್ನು ಬೇಗ ತುಂಬಿಕೊಳ್ಳುವುದರಿಂದ 90 ದಿನ ಕಾಯಬೇಕಾಗಿಲ್ಲ. ಕೀಮೋ ತೆಗೆದುಕೊಳ್ಳುತ್ತಿರುವ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಮತ್ತೆ ಮತ್ತೆ ಬೇಕಾಗುವುದು ಇದೇ. ಮನೆಯಿಂದಲೇ ಕೆಲಸ ಮಾಡುವ ದಿನಗಳಿರುವವರು, ಆಸ್ಪತ್ರೆಗಳ ಸುತ್ತಮುತ್ತ ಮನೆ ಮಾಡಿರುವವರು ದಯವಿಟ್ಟು ಇದರ ಬಗ್ಗೆ ಯೋಚಿಸಿ.

ಈಗ ಕೊಡಲಾಗದವರಿಗೆ ಒಂದಷ್ಟು ಹೇಳಬೇಕು. ಇದು ನನ್ನ ಮನಸ್ಸಿಗೆ ತುಂಬ ಹತ್ತಿರದ ವಿಷಯ. ಹಿಮೋಗ್ಲೋಬಿನ್ 12.5 ಗ್ರಾಂ ಇಲ್ಲದಿದ್ದರೆ ರಕ್ತ ತೆಗೆಯುವುದಿಲ್ಲ. ಬೆರಳ ತುದಿಯ ಹನಿಯನ್ನು ನೀಲಿ ದ್ರಾವಣಕ್ಕೆ ಬಿಡುತ್ತಾರೆ. ಮುಳುಗಿದರೆ ಸರಿ, ತೇಲಿದರೆ ಇಲ್ಲ. ಶಿಬಿರಕ್ಕೆ ಉತ್ಸಾಹದಿಂದ ಬಂದ ಹೆಣ್ಣುಮಕ್ಕಳು ಆ ಹನಿ ತೇಲುವುದನ್ನು ನೋಡಿ ಮುಖ ಬಾಡಿಸಿಕೊಂಡು ಹೋಗುತ್ತಾರೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ. ಒಳ್ಳೆಯ ಸಂಬಳವಿರುವ ಮನೆಗಳಲ್ಲೂ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ತಿನ್ನುವ ಅಭ್ಯಾಸ, ಬೆಳಗಿನ ತಿಂಡಿ ಬಿಟ್ಟು ಕ್ಯಾಬ್ ಹತ್ತುವ ಅಭ್ಯಾಸ ಹೋಗಿಲ್ಲ. ತಂಗಿಯರೇ, ಹಿಂದೆ ಕಳಿಸಿದರೆಂದು ಬೇಸರ ಬೇಡ. ಅಂದೇ ವೈದ್ಯರನ್ನು ಕಂಡು ಕಾರಣ ತಿಳಿದುಕೊಳ್ಳಿ. ರಾಗಿ, ನುಗ್ಗೆಸೊಪ್ಪು, ಹುರುಳಿ ನಮ್ಮ ಅಡುಗೆಯವೇ. ಊಟದ ಹಿಂದೆಯೇ ಕಾಫಿ ಟೀ ಕುಡಿದರೆ ಕಬ್ಬಿಣದ ಅಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ. ಒಂದು ಗಂಟೆ ಬಿಟ್ಟು ಕುಡಿಯಿರಿ. ಮೊದಲು ನಿಮ್ಮ ಮೈ ಗಟ್ಟಿಯಾಗಲಿ, ಆಮೇಲೆ ಬೇರೆಯವರ ಮಾತು.

ಕೊಡಲಾಗದವರು ಮಾಡಬಹುದಾದ ಕೆಲಸಗಳ ಕೊರತೆ ಎಂದೂ ಆಗಿಲ್ಲ, ಮಾಡುವ ಕೈಗಳ ಕೊರತೆಯೇ ಹೆಚ್ಚು. ಉದಾಹರಣೆಗೆ ಫೋನು ಮಾಡುವುದು. ಕೊಟ್ಟು ಮೂರು ನಾಲ್ಕು ತಿಂಗಳಾದವರಿಗೆ 'ನಿಮ್ಮ ಸರದಿ ಬಂತು' ಎಂದು ನೆನಪಿಸುವ ಕರೆ ಎರಡು ನಿಮಿಷದ್ದು. ಒಬ್ಬರು ವಾರಕ್ಕೊಂದು ಸಂಜೆ ಹತ್ತು ಜನರಿಗೆ ಕರೆ ಮಾಡಿದರೆ ಸಾಕು, ಪಟ್ಟಿ ಉಸಿರಾಡುತ್ತಿರುತ್ತದೆ. ಸಂದೇಶ ಕಳಿಸುವುದಕ್ಕೂ ದನಿಯಲ್ಲಿ ಕೇಳುವುದಕ್ಕೂ ಇರುವ ವ್ಯತ್ಯಾಸ ನನಗೆ ಚೆನ್ನಾಗಿ ಗೊತ್ತು; ಸಂದೇಶಕ್ಕೆ ಹೆಬ್ಬೆರಳಿನ ಚಿತ್ರ ಬರುತ್ತದೆ, ದನಿಗೆ ಮನುಷ್ಯ ಬರುತ್ತಾನೆ. ನಿಮ್ಮಲ್ಲಿ ಕಂಪ್ಯೂಟರ್ ಬಲ್ಲವರೇ ತುಂಬಿದ್ದೀರಿ. ಯಾರು ಯಾವಾಗ ಕೊಟ್ಟರು, ಮತ್ತೆ ಯಾವಾಗ ಕೊಡಬಹುದು ಎಂಬ ಪಟ್ಟಿಯನ್ನು ಅಚ್ಚುಕಟ್ಟಾಗಿಡುವುದು ನಿಮಗೆ ಒಂದು ರಾತ್ರಿಯ ಕೆಲಸ. ಅದನ್ನು ಎಲ್ಲರಿಗೂ ಕಾಣುವಂತೆ ಹಂಚಬೇಡಿ ಎಂಬುದೊಂದೇ ಷರತ್ತು. ದಾನಿಯ ನಂಬರು ಊರೆಲ್ಲ ಸುತ್ತಿದರೆ ಮರುವರ್ಷ ಆತ ಫೋನೇ ಎತ್ತುವುದಿಲ್ಲ.

ಶಿಬಿರದ ದಿನ ಜ್ಯೂಸಿನ ಮೇಜಿನ ಪಕ್ಕದಲ್ಲಿ ಕೂರುವ ಕೆಲಸವೂ ಇದೆ. ನೋಡುವವರಿಗೆ ಅದು ಸಣ್ಣದು. ಆದರೆ ರಕ್ತ ಕೊಟ್ಟವರಿಗೆ ತಲೆ ಸುತ್ತು ಬಂದರೆ ಎಷ್ಟೋ ಸಲ ಅದು ಮಂಚದಿಂದ ಎದ್ದು ನಡೆದ ಮೇಲೆಯೇ. ಮುಖ ಬೆಳ್ಳಗಾಗುವುದು, ಹಣೆಯಲ್ಲಿ ಬೆವರೊಡೆಯುವುದು, ಮಾತು ನಿಧಾನವಾಗುವುದು, ಇದನ್ನು ಗಮನಿಸಿ ಕೂಡಲೇ ಮಲಗಿಸಿ, ಕಾಲು ಎತ್ತರಿಸಿ, ಡಾಕ್ಟರನ್ನು ಕೂಗುವ ಒಬ್ಬರು ಅಲ್ಲಿ ಬೇಕು. ಮೊದಲ ಸಲ ಬಂದ ಹುಡುಗನ ಜತೆ ಅವನ ಊರು ಕೇರಿಯ ಮಾತಾಡುತ್ತ ಹದಿನೈದು ನಿಮಿಷ ಕೂರಿಸಿಕೊಳ್ಳುವವರು ಬೇಕು. ಆ ಹದಿನೈದು ನಿಮಿಷ ಹೇಗೆ ಕಳೆಯಿತು ಎಂಬುದರ ಮೇಲೆಯೇ ಅವನು ಎರಡನೆಯ ಸಲ ಬರುತ್ತಾನೋ ಇಲ್ಲವೋ ಎಂಬುದು ನಿಂತಿದೆ. ನಿಮ್ಮ ರಸ್ತೆಯಲ್ಲಂತೂ ಒಡಿಯಾ, ಬಂಗಾಳಿ, ತೆಲುಗು, ತಮಿಳು, ಹಿಂದಿ ಆಡುವವರು ಕನ್ನಡದವರ ಪಕ್ಕದಲ್ಲೇ ಕೂತಿರುತ್ತೀರಿ. ವೈದ್ಯರ ಪ್ರಶ್ನೆಗಳನ್ನು ದಾನಿಯ ಮಾತಿನಲ್ಲಿ ಕೇಳಿದಾಗ ಮಾತ್ರ ನಿಜವಾದ ಉತ್ತರ ಬರುತ್ತದೆ. ಎರಡು ಭಾಷೆ ಬಲ್ಲವರು ಎರಡು ಗಂಟೆ ಕೊಟ್ಟರೆ ಅದು ದೊಡ್ಡ ಕೊಡುಗೆ.

ಇದೇ ಮಾತಿನಲ್ಲಿ ಮ್ಯಾನೇಜರುಗಳಿಗೂ ಗುತ್ತಿಗೆ ಸೂಪರ್‌ವೈಸರುಗಳಿಗೂ ಒಂದು ಖಡಾಖಂಡಿತ ಕೋರಿಕೆ. ಸೆಕ್ಯುರಿಟಿಯವರನ್ನು, ಹೌಸ್‌ಕೀಪಿಂಗ್‌ನವರನ್ನು ಸಾಲಾಗಿ ನಿಲ್ಲಿಸಿ ಶಿಬಿರಕ್ಕೆ ಕಳಿಸಬೇಡಿ. ರಾತ್ರಿ ಪಾಳಿ ಮುಗಿಸಿ ಊಟವಿಲ್ಲದೆ ಬಂದವರ ರಕ್ತ ತೆಗೆಯಬಾರದು. ಅವರು ಬೇಡವೆಂದರೆ ಬೇಡ. ಟೀಮಿನವರಿಗೂ ಹಾಗೆಯೇ, ಇಷ್ಟು ಜನ ಕೊಡಲೇಬೇಕು ಎಂದು ಟಾರ್ಗೆಟ್ ಹಾಕಬೇಡಿ. ಒತ್ತಾಯಕ್ಕೆ ಬಂದವರು ತಮಗಿರುವ ಕಾಯಿಲೆಯನ್ನು ಮುಚ್ಚಿಡುವ ಸಂಭವ ಹೆಚ್ಚು. ಅದರ ಬೆಲೆ ತೆರುವವರು ರೋಗಿಗಳು.

ಒಪ್ಪಿಕೊಳ್ಳುವುದರ ಬಗ್ಗೆಯೂ ಹೇಳಬೇಕು. ನಮ್ಮ ಕಡೆ ಮುಖದ ಮೇಲೆ ಇಲ್ಲ ಎನ್ನುವುದು ಒರಟು ಎಂದು ಭಾವಿಸುತ್ತೇವೆ, ಹಾಗಾಗಿ 'ನೋಡೋಣ', 'ಟ್ರೈ ಮಾಡ್ತೀನಿ' ಎನ್ನುತ್ತೇವೆ. ಸ್ವಯಂಸೇವೆಯಲ್ಲಿ ಇದು ಎಲ್ಲರನ್ನೂ ದಣಿಸುತ್ತದೆ. ಐವತ್ತು ಜನ ಬರುತ್ತಾರೆಂದು ವೈದ್ಯರು, ಟೆಕ್ನಿಷಿಯನ್‌ಗಳು ಭಾನುವಾರ ಬಿಟ್ಟು ವಾಹನದಲ್ಲಿ ಬಂದು, ಮಂಚ ಹಾಕಿಕೊಂಡು, ಬಂದ ಹನ್ನೆರಡು ಜನರ ರಕ್ತ ತೆಗೆದುಕೊಂಡು ಹೋಗುವುದನ್ನು ನೋಡಲು ಕಷ್ಟವಾಗುತ್ತದೆ. ನಿಮಗೆ ಆಗದಿದ್ದರೆ ಆಗುವುದಿಲ್ಲ ಎಂದು ನೇರವಾಗಿ ಹೇಳಿ. ನನಗೆ ಸ್ವಲ್ಪವೂ ಬೇಸರವಿಲ್ಲ, ಆ ಜಾಗಕ್ಕೆ ಇನ್ನೊಬ್ಬರನ್ನು ಕರೆಯುತ್ತೇನೆ. ಆಗುವುದಾದರೆ ಚಿಕ್ಕದನ್ನೇ ಒಪ್ಪಿಕೊಳ್ಳಿ. ವರ್ಷಕ್ಕೆ ಎರಡು ಸಲ ರಕ್ತ ಕೊಡುತ್ತೇನೆ, ಅಷ್ಟೇ ಎಂದು ಹೇಳಿ ಹಾಗೆಯೇ ನಡೆದುಕೊಂಡವರು ನಮ್ಮ ಪಟ್ಟಿಯ ಬೆನ್ನೆಲುಬು. ಮೊದಲ ತಿಂಗಳು ಎಲ್ಲ ಶಿಬಿರಕ್ಕೂ ಓಡಾಡಿ, ರಾತ್ರಿ ಹಗಲು ಕೆಲಸ ಮಾಡಿ, ಆಮೇಲೆ ಸುಸ್ತಾಗಿ ಕಣ್ಮರೆಯಾದ ಒಳ್ಳೆಯ ಹುಡುಗರನ್ನು ನೆನೆದರೆ ಅವರಿಗೆ ಮೊದಲೇ ಯಾರಾದರೂ 'ಇಷ್ಟು ಸಾಕು, ಮನೆಗೆ ಹೋಗು' ಎಂದು ಹೇಳಬೇಕಿತ್ತು ಅನ್ನಿಸುತ್ತದೆ. ಅದಕ್ಕೇ ಈಗ ಹೊಸಬರಿಗೆಲ್ಲ ಹೇಳುತ್ತೇನೆ: ಮನೆಯವರು ಮುನಿಯದ ಹಾಗೆ, ನಿದ್ದೆ ಕೆಡದ ಹಾಗೆ, ಹತ್ತು ವರ್ಷ ನಡೆಸಬಹುದಾದಷ್ಟು ಕೆಲಸವನ್ನಷ್ಟೇ ಹಿಡಿಯಿರಿ.

ಮೊದಲ ಸಲ ಬರುವವರಿಗೆ ಕೆಲವು ಮಾತು. ವಯಸ್ಸು 18ರಿಂದ 65ರೊಳಗಿರಬೇಕು, ಮೊದಲ ಸಲ ಕೊಡುವವರಾದರೆ 60 ದಾಟಿರಬಾರದು. ತೂಕ 45 ಕಿಲೋಗೆ ಕಡಿಮೆ ಇರಬಾರದು. 350 ಅಥವಾ 450 ಮಿಲಿ ತೆಗೆಯುತ್ತಾರೆ. 450 ತೆಗೆಯಲು 55 ಕಿಲೋಗಿಂತ ಹೆಚ್ಚು ತೂಕ ಬೇಕು. ಮೈ ಅದರ ನೀರಿನ ಅಂಶವನ್ನು ಒಂದೆರಡು ದಿನದಲ್ಲಿ ತುಂಬಿಕೊಳ್ಳುತ್ತದೆ, ಕೆಂಪು ಕಣಗಳಿಗೆ ಕೆಲವು ವಾರ ಬೇಕು. ಹಿಂದಿನ ರಾತ್ರಿ ಚೆನ್ನಾಗಿ ನಿದ್ದೆ ಮಾಡಿ. ಖಾಲಿ ಹೊಟ್ಟೆಯಲ್ಲಿ, ಉಪವಾಸದ ದಿನ ಬರಬೇಡಿ. ಇಡ್ಲಿಯೋ ಉಪ್ಪಿಟ್ಟೋ ತಿಂದು, ಎರಡು ಲೋಟ ನೀರು ಕುಡಿದು ಬನ್ನಿ. ಮೊಣಕೈ ಮೇಲಕ್ಕೆ ಏರುವಂಥ ಸಡಿಲ ತೋಳಿನ ಅಂಗಿ ಹಾಕಿಕೊಳ್ಳಿ. ಗುರುತಿನ ಚೀಟಿ ಇರಲಿ. ಔಷಧಿ ತೆಗೆದುಕೊಳ್ಳುತ್ತಿದ್ದರೆ, ಈಚೆಗೆ ಹಚ್ಚೆ ಹಾಕಿಸಿಕೊಂಡಿದ್ದರೆ, ಹಲ್ಲು ಕೀಳಿಸಿಕೊಂಡಿದ್ದರೆ, ಜ್ವರ ಬಂದುಹೋಗಿದ್ದರೆ ವೈದ್ಯರಿಗೆ ಎಲ್ಲವನ್ನೂ ಹೇಳಿ. ಕೊಟ್ಟ ದಿನ ಜಿಮ್ಮಿಗೆ ಹೋಗಬೇಡಿ, ಗ್ಯಾಸ್ ಸಿಲಿಂಡರ್ ಎತ್ತಬೇಡಿ, ನೀರು ಹೆಚ್ಚು ಕುಡಿಯಿರಿ. ಮಾರನೆಯ ದಿನದಿಂದ ಎಲ್ಲ ಎಂದಿನಂತೆ.

ಮುಂದಿನ ವಾರ ನಾನೋ, ನನ್ನಂಥ ಇನ್ನೊಬ್ಬರೋ ನಿಮಗೆ ಫೋನು ಮಾಡಬಹುದು. ಗುರುತಿಲ್ಲದ ನಂಬರೆಂದು ಕತ್ತರಿಸಬೇಡಿ. ನಾವು ಕೇಳುವುದು ಒಂದೇ ಪ್ರಶ್ನೆ: ಯಾವ ಶನಿವಾರ?

ಇಂತಿ ನಿಮ್ಮ ವಿಶ್ವಾಸಿ,
ರಕ್ತದಾನ ಶಿಬಿರಗಳ ಒಬ್ಬ ಸ್ವಯಂಸೇವಕಿ
ಬೆಂಗಳೂರು